ದೊಡ್ಡಮ್ಮ ಹಾಕಿದ ಗಂಟು

ವಿಮಾನದ ವಿಷಯ ನಮ್ಮ ದೊಡ್ಡಮ್ಮನಿಗೆ ಗೊತ್ತಿರುವಷ್ಟು ಪೈಲಟ್ಟುಗಳಿಗೂ ಗೊತ್ತಿರಲಿಕ್ಕಿಲ್ಲ! ಹಾಗಂತ ವಿಮಾನ ಹತ್ತಿದವಳಲ್ಲ. ಅಜ್ಜೀಪುರದ ಮನೆಯ ಅಟ್ಟ ಹತ್ತುವುದಕ್ಕೇ ಅವಳ ಮಂಡಿನೋವು ಬಿಡುವುದಿಲ್ಲ.

ಶುರುವಾದದ್ದು ಮೊಬೈಲಿಗೆ ಬಂದ ಒಂದು ವೀಡಿಯೊದಿಂದ. ಸರಕು ಸಾಗಿಸುವ ದೊಡ್ಡ ವಿಮಾನವೊಂದು ನೆಲ ಬಿಟ್ಟು ಏಳುತ್ತಲೇ ಮೂತಿ ಮೇಲೆತ್ತಿ, ಗಾಳಿಯಲ್ಲಿ ನಿಂತಂತಾಗಿ, ಬಿದ್ದೇಹೋಯಿತು. ಒಳಗಿನ ಸರಕು ಕಟ್ಟು ಬಿಚ್ಚಿಕೊಂಡು ಬಾಲದ ಕಡೆ ಜಾರಿದ್ದೇ ಕಾರಣವಂತೆ ಎಂದು ನಾನು ಓದಿ ಹೇಳಿದೆ. ಹೇಳಬಾರದಿತ್ತು!

"ಆಕಾಸ್ದಲ್ಲಿ ಗುಂಡಿ ಇಲ್ಲ, ತಿರುವಿಲ್ಲ. ಬರೀ ಸಾಮಾನು ಜಾರುದ್ರೆ ಅಷ್ಟು ದೊಡ್ದು ಬಿದ್ದೋದದಾ?"

ಉತ್ತರ ಹುಡುಕಲು ಹಲಗೆಯ ಮೇಲೆ ಸಿಹಿಗುಂಬಳ ಇಟ್ಟು ಒಂದು ತುದಿ ಎತ್ತಿದಳು. ಕುಂಬಳ ಉರುಳಿ ಮಜ್ಜಿಗೆ ಗಡಿಗೆ ಒಡೆಯಿತು. "ನೋಡ್ದಾ, ಇಮಾನ ಬಿದ್ದುದ್ದು ಇಂಗೇ ಕಣವ್ವ" ಎಂದಳು, ಮಜ್ಜಿಗೆಯ ನಡುವೆ ನಿಂತು. ಆಮೇಲೆ ಮೆಲ್ಲಗೆ, "ಓಡ್ಸೋನ್ ಎಂಡ್ತಿ ಮನೇಲಿ ಕಾಯ್ತಿದ್ಲೇನೋ" ಎಂದಳು.

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸು ಹತ್ತಿದಾಗ ಹಿಂದಿನ ಸೀಟಿನ ಮೂಟೆಗಳನ್ನೆಲ್ಲ ಮುಂದಕ್ಕೆ ಎಳೆಸಿದಳು. "ಇದು ಬಸ್ಸು ಕಣಮ್ಮ, ವಿಮಾನ ಅಲ್ಲ" ಎಂದ ಕಂಡಕ್ಟರ್. "ಸೇತುವೆ ಏರು ಬತ್ತದಲ್ಲ ಸಾ, ಮೂತಿ ಎದ್ರೆ?" ಎಂದಳು ಇವಳು. ಬಸ್ಸಿಗೆ ಬಸ್ಸೇ ನಕ್ಕಿತು.

ಅವಳ ನಿಜವಾದ ಚಿಂತೆ ಬೇರೆ. ದೊಡ್ಡಪ್ಪ ಗೂಡ್ಸ್ ಆಟೋದಲ್ಲಿ ಬಾಳೆಗೊನೆ ತುಂಬಿಕೊಂಡು ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ. ಆ ಏರೇನು, ಆ ತಿರುವುಗಳೇನು! ವೀಡಿಯೊ ನೋಡಿದ ಮೇಲೆ ದೊಡ್ಡಮ್ಮ ತಾನೇ ಹಗ್ಗ ಬಿಗಿಯತೊಡಗಿದಳು. ಗೊನೆಗೊಂದು ಗಂಟು, ಗಂಟಿನ ಮೇಲೆ ಗಂಟು.

"ಬಾಳೆಕಾಯಿ ಕಣಮ್ಮಿ, ಕಳ್ಳರಲ್ಲ" ಎಂದರು ದೊಡ್ಡಪ್ಪ.

"ನೀವು ಮುಂದ್ಗಡೆ, ಭಾರ ಇಂದ್ಗಡೆ. ಏರಲ್ಲಿ ಮೂತಿ ಎದ್ರೆ ಏನ್ ಮಾಡೀರಿ?"

ಮೊನ್ನೆ ನಾನೂ ಜೊತೆಗೆ ಹೋದೆ. ಕಡಿದಾದ ತಿರುವಿನಲ್ಲಿ ಆಟೋ ಮುಲುಗಿತು, ಮುಂದಿನ ಚಕ್ರ ಹಗುರಾದಂತಾಯಿತು. ತಟ್ಟನೆ ಹಿಂದೆ ತಿರುಗಿ ನೋಡಿದೆ. ಒಂದು ಗೊನೆಯೂ ಮಿಸುಕಿರಲಿಲ್ಲ. ಆಟೋ ಏರಿತು.

ಮೇಲೆ ಅಂಗಡಿಯವರಿಗೆ ಅವಸರ; ಗಂಟುಗಳೋ ಕಲ್ಲಾಗಿದ್ದವು. ನಾನು ಕುಡುಗೋಲು ತೆಗೆದೆ.

"ಕುಯ್ಬ್ಯಾಡ ಕಣವ್ವ" ಎಂದರು ದೊಡ್ಡಪ್ಪ. ಉಗುರಿನಲ್ಲೇ ಬಿಡಿಸುತ್ತ ಕುಳಿತರು. ಅಷ್ಟರಲ್ಲಿ ದೊಡ್ಡಮ್ಮನ ಫೋನು ಬಂತು. ದೊಡ್ಡಪ್ಪನ ಕೈಗೆ ಬಿಡುವಿಲ್ಲದ್ದರಿಂದ ನಾನೇ ಸ್ಪೀಕರ್ ಹಾಕಿದೆ. ಅವಳು ತಲುಪಿದಿರಾ ಎಂದು ಕೇಳಲಿಲ್ಲ.

"ಗಂಟು ಬಿಚ್ಚುದ್ರಾ?"

"ಬಿಚ್ತಾವ್ನಿ ಕಣಮ್ಮಿ. ಒಂದೂ ಜಾರಿಲ್ಲ."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿತು. ಇಷ್ಟು ದಿನ ನಕ್ಕಿದ್ದ ನನಗೂ ಕಣ್ಣು ತುಂಬಿತು.

"ನಿಧಾನ್ವಾಗಿ ಬಿಚ್ಚಿ" ಎಂದಳು ದೊಡ್ಡಮ್ಮ. "ನಾಳೀಕೂ ಅದೇ ಹಗ್ಗ ಬೇಕು."