ಮೇಕೆ ತಿಂದ ಗುರುತು

ಕಾಶಿಬಾಯಿಯ ಮೇಕೆಗೆ ಕಿತ್ತಳೆ ಸಸಿ ರುಚಿಸದೆ ಹೋಗಿದ್ದರೆ, ಆ ಭಾನುವಾರ ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಎಲ್ಲರೂ ಉಂಡು ಮಲಗಿರುತ್ತಿದ್ದರು.

ಪಾರ್ಸಲ್ ಆಫೀಸಿನ ಗುಮಾಸ್ತ ರುದ್ರಪ್ಪನ ಹೆಂಡತಿ ವನಜಾಕ್ಷಿ ತಂಗಿಯ ಮದುವೆಗೆಂದು ಗದಗಿಗೆ ಹೋಗಿದ್ದಳು. ರೈಲಿನಲ್ಲಿ ಹೆಂಗಸರ ಕೊರಳ ಸರ ಕಿತ್ತುಕೊಂಡು ಓಡುವವರ ಸುದ್ದಿಯನ್ನು ರುದ್ರಪ್ಪ ಪತ್ರಿಕೆಯಲ್ಲಿ ಓದಿದ್ದ. ಆದ್ದರಿಂದ ಅವಳ ಬೋರಮಾಳವನ್ನು, ಅಂದರೆ ಅಜ್ಜಿಯ ಕಾಲದಿಂದ ಬಂದ ಚಿನ್ನದ ಗುಂಡುಗಳ ಸರವನ್ನು, ಅವಳ ಕಣ್ಣೆದುರಿಗೇ ತಗಡಿನ ಡಬ್ಬಿಯಲ್ಲಿಟ್ಟು ಹಿತ್ತಲಲ್ಲಿ ಹೂತು, ಗುರುತಿಗೆ ಮೇಲೊಂದು ಕಿತ್ತಳೆ ಸಸಿ ನೆಟ್ಟಿದ್ದ. "ಸರಕಾರದ ಖಜಾನಿನೂ ಇಷ್ಟು ಭದ್ರ ಇರೂದಿಲ್ಲ" ಎಂದಿದ್ದ. ವನಜಾಕ್ಷಿ ಮುಖ ಊದಿಸಿಕೊಂಡಳು. ಆದರೆ ಹೊರಡುವ ದಿನ ನಗುನಗುತ್ತಲೇ ಗಾಡಿ ಹತ್ತಿದಳು. ಹೆಂಡತಿಗೆ ಬುದ್ಧಿ ಬಂತು ಎಂದು ರುದ್ರಪ್ಪ ತಿಳಿದುಕೊಂಡ.

ಅವಳು ಆ ಭಾನುವಾರ ಸಂಜೆಯ ಗಾಡಿಗೆ ಬರುವವಳಿದ್ದಳು. ರುದ್ರಪ್ಪ ಬೆಳಿಗ್ಗೆ ಗುದ್ದಲಿ ಹಿಡಿದು ಹಿತ್ತಲ ಬಾಗಿಲು ತೆಗೆದ. ಸಸಿ ಇರಲಿಲ್ಲ. ಅದಕ್ಕೆ ನೀರು ಹಾಕುವ ಕೆಲಸವನ್ನು ಅವನು ಪಕ್ಕದ ಮನೆಯ ಕಾಶಿಬಾಯಿಗೆ ಒಪ್ಪಿಸಿದ್ದ. ನಿಪ್ಪಾಣಿ ಕಡೆಯ ಆಕೆ ತಪ್ಪದೆ ನೀರು ಹಾಕಿದ್ದಳು. ಹಿಂದೆಯೇ ಬಂದ ಮೇಕೆ ಸಸಿಯನ್ನು ಬೇರು ಸಮೇತ ಕಿತ್ತು ತಿಂದು ಉಳಿದ ಕೆಲಸ ಮುಗಿಸಿತ್ತು. ನಾಗಪುರದ ಬಿಸಿಲಿಗೆ ಕಾದ ಹಿತ್ತಲು ತಟ್ಟಿದ ರೊಟ್ಟಿಯಂತೆ ಎಲ್ಲ ಕಡೆ ಒಂದೇ ಸಮ. ಸಸಿಯ ಜಾಗ ಕೇಳಿದರೆ ಕಾಶಿಬಾಯಿಗೆ ಗುಟ್ಟು ತಿಳಿದೀತೆಂದು ತಾನೇ ನೆನಪಿದ್ದ ಕಡೆ ಅಗೆದ, ನೆನಪಿಲ್ಲದ ಕಡೆಯೂ ಅಗೆದ. ಮಣ್ಣು ಬಂತು, ಬೆವರು ಬಂತು, ಡಬ್ಬಿ ಬರಲಿಲ್ಲ.

ಕೊನೆಗೆ ಲೋಕೋ ಶೆಡ್ಡಿನ ಫಿಟ್ಟರ್ ಸಿದ್ದಲಿಂಗಯ್ಯನ ಮನೆಗೆ ಓಡಿದ. ರೋಣದ ಕಡೆಯ ಸಿದ್ದಲಿಂಗಯ್ಯ ಮೊಣಕೈಯಂತೆ ಬಗ್ಗಿಸಿದ ಎರಡು ಹಿತ್ತಾಳೆ ಕಡ್ಡಿ ಹಿಡಿದು ನೆಲದೊಳಗಿನದನ್ನು ಹೇಳುತ್ತೇನೆನ್ನುತ್ತಿದ್ದ.

"ಅಯ್ನೋರ, ಯಾರಿಗೂ ಹೇಳಬ್ಯಾಡ್ರಿ. ಬಂಗಾರ ಹುಡುಕಿಕೊಡಬೇಕು."

"ಅದೇನು ದೊಡ್ಡದು? ನೀರಿದ್ರ ಕಡ್ಡಿ ಅಗಲ ಆಗ್ತಾವ, ಬಂಗಾರ ಬೆಳ್ಳಿ ಇದ್ರ ಒಂದರ ಮ್ಯಾಲೊಂದು ಕೂಡ್ತಾವ. ಇವು ಸುಳ್ಳು ಹೇಳೂದಿಲ್ಲ."

ಹಿತ್ತಲಿಗೆ ಬಂದು ಸಿದ್ದಲಿಂಗಯ್ಯ ಕಡ್ಡಿಗಳನ್ನು ಮುಂದೆ ಚಾಚಿದ. ಅವು ಗಡಗಡ ನಡುಗಿ, ರುದ್ರಪ್ಪನ ಎದೆಯ ಮುಂದೆ ಬಂದು ಕೂಡಿಕೊಂಡವು.

"ಐತಿ! ಇಲ್ಲೇ ಬೆಳ್ಳಿ ಐತಿ!"

"ಅದು ನನ್ನ ಲಿಂಗದ ಬೆಳ್ಳಿ ಕರಡಿಗಿರೀ! ನಿಮ್ಮ ಕೊರಳಾಗೂ ಅದ ಐತೆಲ್ಲ?"

"ನೋಡ್ರಿ ಮತ್ತ, ಕಡ್ಡಿ ಎಷ್ಟು ಬರೋಬರ್ ಅದಾವು!"

ಗೋಡೆಯ ಮೇಲೆ ಕಾಶಿಬಾಯಿಯ ತಲೆ ಮೂಡಿತು. "ಅಗಬಾಯಿ! ಭೋಸಲೆ ರಾಜಾರ ಖಜಾನಾ ಐತೇನ್ರಿ?"

"ಏನೂ ಇಲ್ರಿ ಬಾಯಿ, ಬದನಿ ಹಚ್ಚಾಕ..." ಎಂದು ರುದ್ರಪ್ಪ ತೊದಲಿದ. ಬದನೆ ಹಚ್ಚಲು ಕಡ್ಡಿ ಹಿಡಿದು ಯಾರೂ ತಿರುಗುವುದಿಲ್ಲ ಎಂಬುದು ಕಾಶಿಬಾಯಿಗೆ ಗೊತ್ತಿತ್ತು. ಗಳಿಗೆಯೊಳಗೆ ಇಡೀ ಓಣಿ ಹಿತ್ತಲಲ್ಲಿತ್ತು. ಅರ್ಧ ಜನರ ಕೈಯಲ್ಲಿ ಗುದ್ದಲಿ, ಉಳಿದರ್ಧ ಜನರ ಬಾಯಲ್ಲಿ ಸಲಹೆ.

ತುಮಕೂರಿನ ಹೆಡ್ ಕ್ಲಾರ್ಕ್ ಮರಿಯಪ್ಪ ಮಡಚಿದ ಪತ್ರಿಕೆಯೊಂದಿಗೆ ಬಂದ. "ರುದ್ರಪ್ಪನೋರೆ, ಕಾನೂನು ಗೊತ್ತೇನ್ರೀ? ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ರೆ ಕಲೆಕ್ಟರಿಗೆ ತಿಳಿಸ್ಬೇಕು. ಅದಿರ್ಲಿ, ಈ ಕಡ್ಡಿನ ಮೊದ್ಲು ಪರೀಕ್ಷೆ ಮಾಡೋಣ. ಅಯ್ನೋರೆ, ನೀವು ತೋರಿಸಿದ ಜಾಗಕ್ಕೆ ಕಲ್ಲಿಡ್ತೀನಿ. ಆಮೇಲೆ ಕಣ್ಣು ಕಟ್ಕೊಂಡು ಅದೇ ಜಾಗ ತೋರಿಸಿ ನೋಡೋಣ."

ಕಡ್ಡಿಗಳು ಕೂಡಿದ ಒಂದು ಜಾಗಕ್ಕೆ ಮರಿಯಪ್ಪ ಕಲ್ಲಿಟ್ಟ; ಸಿದ್ದಲಿಂಗಯ್ಯನ ಹೆಗಲ ವಲ್ಲಿಯನ್ನೇ ಅವನ ಕಣ್ಣಿಗೆ ಕಟ್ಟಿದರು. ಈ ಸಲ ಕಡ್ಡಿಗಳು ಕೂಡಿದ್ದು ಬಚ್ಚಲ ಗೋಡೆಯ ಹತ್ತಿರ; ಮತ್ತೊಮ್ಮೆ ನಡೆಸಿದಾಗ ಸೌದೆಯ ರಾಶಿಯ ಮುಂದೆ. ಕಲ್ಲಿಟ್ಟ ಜಾಗದ ಮೇಲೆ ಅವನು ಎಡವಿ ಹೋದರೂ ಕಡ್ಡಿಗಳು ಅಲ್ಲಾಡಲಿಲ್ಲ.

"ಕೈ ನಡುಗುತ್ತೆ, ಕಡ್ಡಿ ತಿರುಗುತ್ತೆ, ಅಷ್ಟೇ" ಎಂದ ಮರಿಯಪ್ಪ.

"ಕಣ್ಣು ಕಟ್ಟಿದ್ರ ಕಡ್ಡಿಗಿ ಕಾಣೂದಾದ್ರೂ ಹೆಂಗ್ರಿ ಸಾಹೇಬ್ರ?" ಎಂದು ಸಿದ್ದಲಿಂಗಯ್ಯ ರೇಗಿದ. ಓಣಿಗೆ ಅದೇ ಸರಿ ಎನಿಸಿತು. ವಲ್ಲಿ ಬಿಚ್ಚಿದರು. ಅಗೆತ ಮುಂದುವರಿಯಿತು. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಹೆಗ್ಗಣಗಳ ಸಂತೆ ನಡೆದಂತೆ ಕಾಣುತ್ತಿತ್ತು.

ಆಗ ಹಗ್ಗ ಹರಿದುಕೊಂಡು ಮೇಕೆ ಬಂತು. ಗದ್ದಲವನ್ನು ಲೆಕ್ಕಿಸದೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಹೋಗಿ, ಇನ್ನೂ ಅಗೆಯದ ಒಂದು ಜಾಗವನ್ನು ಮೂಸಿ, ಮೊದಲು ಉಂಡ ಮನೆಗೆ ಮತ್ತೆ ಬಂದ ನೆಂಟನ ಹಾಗೆ ನಿಂತಿತು. ಸಿದ್ದಲಿಂಗಯ್ಯ ಅದನ್ನು ಓಡಿಸಲು ಹೋದ. ಕಡ್ಡಿಗಳು ಕೂಡಿಕೊಂಡವು.

ಗುದ್ದಲಿ ಹಾಕಿದರೆ, ಠಣ್!

"ಕಡ್ಡಿ! ನನ್ನ ಕಡ್ಡಿ!" ಎಂದು ಸಿದ್ದಲಿಂಗಯ್ಯ ಕುಣಿದ.

"ಮೇಕೆ ಕಣ್ರೀ, ಮೇಕೆ!" ಎಂದ ಮರಿಯಪ್ಪ.

"ನನ್ನ ಹೆಂಡ್ತಿ ಬೋರಮಾಳ!" ಎಂದು ಕೂಗಿದ ರುದ್ರಪ್ಪ, ಬೆಳಗಿನಿಂದ ಕಾಪಾಡಿದ ಗುಟ್ಟನ್ನು ಇಡೀ ಓಣಿಗೆ ಹಂಚಿ ಡಬ್ಬಿ ತೆರೆದ.

ಒಳಗೆ ಬೋರಮಾಳ ಇರಲಿಲ್ಲ. ಒಂದಿಷ್ಟು ಅಕ್ಕಿಕಾಳು, ಒಂದು ಅರಿಶಿನದ ಕೊಂಬು, ಒಂದು ತೂತಿನ ಕಾಸು.

"ಭಾನಾಮತಿ!" ಎಂದು ಕಾಶಿಬಾಯಿ ಹಿಂದೆ ಹಾರಿದಳು. "ಯಾರೋ ಮಾಟ ಮಾಡ್ಯಾರ. ಮುಟ್ಟಬ್ಯಾಡ್ರಿ!" ಗುದ್ದಲಿಗಳು ಅಲ್ಲಲ್ಲೇ ಬಿದ್ದವು. ಓಣಿ ಬಂದದ್ದಕ್ಕಿಂತ ಜಲ್ದಿ ಗೋಡೆಯಾಚೆ ಹೋಯಿತು. ಸಿದ್ದಲಿಂಗಯ್ಯ ಮಾತ್ರ ದೂರದಿಂದಲೇ ಹೇಳಿದ: "ಕಾಸು ಲೋಹ ಹೌದಲ್ರಿ? ಕಡ್ಡಿ ತಪ್ಪಿಲ್ಲ ಬಿಡ್ರಿ."

ರುದ್ರಪ್ಪ ಸ್ಟೇಷನ್ನಿಗೆ ಹೋದದ್ದು ಹೆಂಡತಿಯನ್ನು ಕರೆತರುವವನ ಹಾಗಲ್ಲ, ಶಿಕ್ಷೆ ಕೇಳಲು ಹೋಗುವವನ ಹಾಗೆ. ಗಾಡಿ ಬಂತು. ವನಜಾಕ್ಷಿ ಇಳಿದಳು. ಗಂಡನ ಮಣ್ಣು ಮೆತ್ತಿದ ಮುಖ ನೋಡಿ ಬೆರಗಾಗುವಾಗ ಅವಳ ಸೆರಗು ಸರಿಯಿತು. ಕೊರಳಲ್ಲಿ ಬೋರಮಾಳ ಮಿರಮಿರ ಮಿಂಚಿತು.

"ಇದು... ಇದು ಹೆಂಗ?"

"ಸಿಟ್ಟಾಗಬ್ಯಾಡ್ರಿ. ತಂಗಿ ಮದುವ್ಯಾಗ ಹಿರೇ ಅಕ್ಕ ಬರೇ ಕೊರಳಾಗ ನಿಂತ್ರ ಬೀಗರು ಏನಂತಿದ್ರು? ಗಂಡ ಮಾರಿಕೊಂಡಾನ ಅಂತಿದ್ರು! ನೀವು ರಾತ್ರಿ ಪಾಳಿಗೆ ಹೋದಾಗ ತಗದೆ. ಬಂಗಾರ ಇಟ್ಟ ಡಬ್ಬಿ ಬರಿದು ಬಿಡಬಾರದಲ್ರಿ, ಲಕ್ಷ್ಮಿ ಮುನೀತಾಳ. ಅದಕ್ಕ ಅಕ್ಕಿಕಾಳು, ಅರಿಶಿನ, ಒಂದು ಕಾಸು ಇಟ್ಟು ತಿರುಗಿ ಸಸಿ ನೆಟ್ಟೆ."

ಬೈಯಬೇಕೆಂದು ತೆರೆದ ರುದ್ರಪ್ಪನ ಬಾಯಿಂದ ನಗು ಬಂತು. ಟಾಂಗಾದಲ್ಲಿ ದಾರಿಯುದ್ದಕ್ಕೂ ಹಾಡು ಗುನುಗಿದ. ಹಿತ್ತಲ ವಿಷಯ ಮಾತ್ರ ಹೇಳಲಿಲ್ಲ. ಮಳೆ ಬಂದರೆ ಗುಂಡಿಗಳು ತಾವೇ ಮುಚ್ಚಿಹೋಗುತ್ತವೆ ಎಂಬುದು ಅವನ ಆಸೆ.

ಮನೆಗೆ ಬಂದ ಕೂಡಲೇ ವನಜಾಕ್ಷಿ ಬಾಗಿಲು ಹಾಕಿ, ಸರ ಬಿಚ್ಚಿ ಅವನ ಕೈಗಿಟ್ಟಳು. "ನೀವು ಹೇಳಿದ್ದು ಖರೇರಿ. ಗಾಡ್ಯಾಗ ಕಣ್ಣು ಮುಚ್ಚಲಿಲ್ಲ ನಾ. ಅದ ಜಾಗದಾಗ ಹುಗದು ಬಿಡ್ರಿ. ನಿಮಗ ನನಗ ಬಿಟ್ರ ಈ ನಾಗಪುರದಾಗ ಅದು ಯಾರಿಗೂ ಗೊತ್ತಿಲ್ಲ."

ರುದ್ರಪ್ಪ ಸರವನ್ನು ಜೇಬಿಗಿಳಿಸಿ ಹಿತ್ತಲ ಬಾಗಿಲನ್ನು ಮೆಲ್ಲಗೆ ತೆರೆದ.

ಗುಂಡಿಗಳಾಚೆ, ಗೋಡೆಯುದ್ದಕ್ಕೂ ಓಣಿಯ ತಲೆಗಳು ಸಾಲಾಗಿದ್ದವು. ವನಜಾಕ್ಷಿ ಸರ ಹಾಕಿಕೊಂಡು ಟಾಂಗಾ ಇಳಿದದ್ದನ್ನು ಎಲ್ಲರೂ ನೋಡಿದ್ದರು. ಭಾನಾಮತಿಯ ಭಯ ಹೋಗಿತ್ತು. ಕಾಶಿಬಾಯಿ ಹೊಸದೊಂದು ಕಿತ್ತಳೆ ಸಸಿ ಹಿಡಿದು ನಿಂತಿದ್ದಳು. "ನನ್ನ ಮ್ಯಾಕಿ ತಿಂದಿದ್ದಕ್ಕ ಇದು ತಗೋರಿ. ಒಗಿಯೂ ಕಲ್ಲಿನ ಹತ್ರನ ಹಚ್ಚತೀರಲ್ಲ?"

"ಸ್ವಲ್ಪ ಆಳವಾಗೇ ಅಗೀರಿ" ಎಂದ ಮರಿಯಪ್ಪ.

ಸಿದ್ದಲಿಂಗಯ್ಯ ಕಡ್ಡಿಗಳನ್ನು ಎತ್ತಿ ತೋರಿಸಿದ. "ಎಲ್ಲಿ ಬೇಕಾದಲ್ಲಿ ಹುಗೀರಿ ರುದ್ರಪ್ಪಾರ, ಚಿಂತಿ ಬ್ಯಾಡ. ಮರತ್ರ ನಾ ಅದೇನಿ!"

ಗೋಡೆಯ ಸಂದಿಯಿಂದ ಮೇಕೆ ಕತ್ತು ಚಾಚಿ, ಸಸಿಯ ಮೇಲಿನ ಎಲೆಯನ್ನು ಆಗಲೇ ಮೂಸುತ್ತಿತ್ತು.