ಮೇಟ್ರನ್ ಮೇಡಂ ಘಟ್ಟ ಹತ್ತಿದ್ದು

ನಾನು ಎಷ್ಟೇ ಗಂಭೀರವಾಗಿ ಒಂದು ಕೆಲಸಕ್ಕೆ ಕೈಹಾಕಲಿ, ಸುತ್ತಲಿನ ಜನ ಅದನ್ನು ಗಂಭೀರವಾಗಿ ಮುಗಿಯಲು ಬಿಡುವುದಿಲ್ಲ. ಮೂವತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದೇನೆ, ಈಗ ಥಾಣೆ ಪಕ್ಕದ ಐರೋಲಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್. ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಬೆನ್ನು ನೇರವಾಗಿರಬೇಕು, ಉಗುರು ಗಿಡ್ಡವಾಗಿರಬೇಕು, ಕೊಟ್ಟ ಮಾತು ಒಂದೇ ಆಗಿರಬೇಕು ಎಂದು ಅಲ್ಲಿ ಕಲಿಸಿದ್ದರು. ಈ ಮೂರನ್ನು ನಂಬಿಕೊಂಡು ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಇಳಿದೆ. ಅದರ ತಯಾರಿಯಲ್ಲಿ ಬೆನ್ನು ನೇರ ಉಳಿಯಲಿಲ್ಲ. ಉಗುರು ಗಿಡ್ಡವಾಗಿಯೇ ಇದೆ. ಕೊಟ್ಟ ಮಾತಿನ ಬಗ್ಗೆ ಮುಂದೆ ಓದಿ.

೧. ಸಹಿ

ನಮ್ಮ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹಿರಿಯರಿದ್ದರು, ಕುಂದಾಪುರದ ಕಡೆಯವರು. "ದಿನಾ ಒಂದು ಗಂಟೆ ನಡೆಯಲೇಬೇಕು" ಎಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿದೆ.

"ಆಯ್ತ್ ಮಾರಾಯ್ರೆ" ಎಂದರು. "ನೀವ್ ಎರ್ಡನೆ ಮಾಳ್ಗಿಯಿಂದ ಲಿಫ್ಟಲ್ಲ್ ಬಂದ್ರಲೆ, ಅದ್ನೂ ನಡ್ದ ಲೆಕ್ಕಕ್ಕೆ ಸೇರ್ಸುಕ್ ಆತ್ತಾ?"

ಅಲ್ಲಿದ್ದ ಹನ್ನೆರಡು ನರ್ಸುಗಳೂ ಒಂದೇ ಸಲ ಸಲಾಯಿನ್ ಬಾಟಲಿ ನೋಡಲು ಆಚೆ ತಿರುಗಿದರು.

ಅದೇ ಮಧ್ಯಾಹ್ನ ನಮ್ಮ ಫಿಸಿಯೋಥೆರಪಿಸ್ಟ್ ಒಂದು ಫಾರ್ಮು ತಂದ. ಈಜು ಎರಡು ಕಿಲೋಮೀಟರ್, ಸೈಕಲ್ ತೊಂಬತ್ತು, ಓಟ ಇಪ್ಪತ್ತೊಂದು ಎಂದು ಮೂರು ಸಾಲುಗಳಿದ್ದವು. ಕೆಳಗೆ "ಘಟ್ಟದ ದಾರಿ" ಎಂದಿತ್ತು. ನಮ್ಮ ಕಾಲದ ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಮೂರು ಕೊಟ್ಟರೆ ಯಾವುದಾದರೂ ಒಂದಕ್ಕೆ ಉತ್ತರಿಸಿದರೆ ಸಾಕಿತ್ತು. ನಾನು ಎಲ್ಲರೆದುರು ಸಹಿ ಹಾಕಿ, "ನಾನು ಓಟ ತೆಗೆದುಕೊಳ್ಳುತ್ತೇನೆ" ಎಂದೆ.

"ತಗೊಳ್ಳಿ ಮೇಡಂ. ಅದು ಮೂರನೆಯದು."

"ಮೊದಲಿನ ಎರಡು?"

"ಅದಕ್ಕಿಂತ ಮುಂಚೆ. ಅದೇ ದಿನ ಬೆಳಿಗ್ಗೆ."

ಸಹಿ ಹಾಕಿ ಹಿಂದೆ ಸರಿಯುವುದು ನನಗೆ ಗೊತ್ತಿಲ್ಲ. ಇದನ್ನು ಅರ್ಧಕ್ಕೆ ಬಿಟ್ಟರೆ, ಏಳು ಗಂಟೆಯ ಡ್ಯೂಟಿಗೆ ಏಳೂ ಹತ್ತಕ್ಕೆ ಬರುವವರನ್ನು ಮರುದಿನದಿಂದ ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ? "ಆಗಲಿ" ಎಂದೆ.

"ಮೇಡಂಗೆ ಈಜು ಬರುತ್ತಾ?"

"ಇಲ್ಲ."

"ಸೈಕಲ್ ಇದೆಯಾ?"

"ಇಲ್ಲ."

"ಓಡಿ ಅಭ್ಯಾಸ?"

"ಐರೋಲಿಯಲ್ಲಿ ಥಾಣೆ ಟ್ರೇನ್ ಹೊರಡುವಾಗ."

೨. ಲೇಡೀಸ್ ಬ್ಯಾಚ್

ನಾನು ಮಂಗಳೂರಿನವಳೆಂದು ಕೇಳಿದ ಕೂಡಲೇ ಈಜುಕೊಳದ ಮರಾಠಿ ಕೋಚ್ ನನ್ನನ್ನು ನೇರವಾಗಿ ಆಳದ ಕಡೆ ಕಳಿಸಿದರು. ಸಮುದ್ರದ ಊರಿನವರು ಹುಟ್ಟುತ್ತಲೇ ಈಜುತ್ತಾರೆಂದು ಅವರ ನಂಬಿಕೆ. ಕಾನ್ವೆಂಟಿನ ಹುಡುಗಿಯರನ್ನು ಸಮುದ್ರಕ್ಕೆ ವರ್ಷಕ್ಕೊಮ್ಮೆ ಸಾಲಾಗಿ ಕರೆದುಕೊಂಡು ಹೋಗಿ, ದೂರದಿಂದ ತೋರಿಸಿ, ಸಾಲಾಗಿ ವಾಪಸು ತರುತ್ತಿದ್ದರು. ಅದನ್ನು ವಿವರಿಸುವಷ್ಟರಲ್ಲಿ ನಾನು ಎರಡು ಸಲ ಮುಳುಗಿ ಎದ್ದಿದ್ದೆ.

ಅಂತೂ ಎರಡು ತಿಂಗಳಲ್ಲಿ ಈಜು ಬಂತು. ಆದರೆ ಈಜಲು ಜಾಗವಿರಲಿಲ್ಲ. ಮಹಿಳೆಯರ ಬ್ಯಾಚಿನಲ್ಲಿ ಎಲ್ಲರೂ ಎದೆಮಟ್ಟದ ನೀರಿನಲ್ಲಿ ಗುಂಪಾಗಿ ನಿಂತು ಮಾತನಾಡುತ್ತಿದ್ದರು. ಯಾರ ಮಗಳಿಗೆ ಯಾವ ಕಾಲೇಜು, ಯಾರ ಕೆಲಸದವಳು ಬಿಟ್ಟುಹೋದಳು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ನಾನು ಮೂರು ದಿನ ನೋಡಿದೆ. ನಾಲ್ಕನೆಯ ದಿನ ಅವರನ್ನು ಎತ್ತರದ ಪ್ರಕಾರ ಸಾಲು ಮಾಡಿಸಿ, ಹೋಗುವವರು ಎಡಕ್ಕೆ, ಬರುವವರು ಬಲಕ್ಕೆ ಎಂದು ನಿಯಮ ಹಾಕಿದೆ. ಟೋಪಿ ಇಲ್ಲದವರನ್ನು ಮೇಲೆ ಹತ್ತಿಸಿದೆ. ಕೊಳ ಆಸ್ಪತ್ರೆಯ ಕಾರಿಡಾರಿನಷ್ಟು ಶಿಸ್ತಾಗಿ ಕಾಣತೊಡಗಿತು.

ವಾರದ ಕೊನೆಗೆ ಅವರಲ್ಲೊಬ್ಬಳು ನನ್ನ ಪಕ್ಕಕ್ಕೆ ಬಂದು ಮೆಲ್ಲನೆ ಹೇಳಿದಳು. "ಆಂಟಿ, ಬೇಜಾರು ಮಾಡ್ಕೋಬೇಡಿ. ಮನೆಯಲ್ಲಿ ಅತ್ತೆ ಇದ್ದಾರೆ ಅಂತಲೇ ನಾವು ಇಲ್ಲಿಗೆ ಬರೋದು."

೩. ಕಟ್ಟಿದ ಕಾಲು

ದೂರದ ಸೈಕಲ್ ಸವಾರಿಗೆ ಬೇರೆಯೇ ಬೂಟು ಇರುತ್ತದೆ. ಅದರ ಅಡಿ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಇಳಿಯುವ ಮೊದಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ ಬಿಡಿಸಿಕೊಳ್ಳಬೇಕು. ಇದನ್ನು ನಾನು ಓದಿ, ಬರೆದುಕೊಂಡು, ಬಾಯಿಪಾಠವನ್ನೂ ಮಾಡಿದ್ದೆ.

ಥಾಣೆಯ ವರ್ತಕ ನಗರದ ನಮ್ಮ ಮನೆಯಿಂದ ಯೇವೂರು ಗುಡ್ಡಕ್ಕೆ ಹೊರಟ ಮೊದಲ ಭಾನುವಾರ, ನಾಲ್ಕು ರಸ್ತೆ ಸೇರುವ ನಾಕಾದಲ್ಲಿ ಸಿಗ್ನಲ್ ಕೆಂಪಾಯಿತು. ನಾನು ನಿಯಮದಂತೆ ಗೆರೆಯ ಹಿಂದೆ ನಿಲ್ಲಿಸಿದೆ. ಕಾಲು ಕೆಳಗೆ ಬರಲಿಲ್ಲ. ಬೆನ್ನು ನೇರವಾಗಿಟ್ಟುಕೊಂಡೇ, ಎರಡೂ ಕೈ ಹ್ಯಾಂಡಲಿನ ಮೇಲಿಟ್ಟುಕೊಂಡೇ, ನಿಧಾನವಾಗಿ ಎಡಕ್ಕೆ ಉರುಳಿದೆ.

ಅಲ್ಲಿ ಕೂಲಿ ಕೆಲಸಕ್ಕೆ ಕಾದು ನಿಂತ ಕಲಬುರಗಿ ಕಡೆಯ ಜನರಿದ್ದರು. ಇಬ್ಬರು ಓಡಿ ಬಂದು ನನ್ನನ್ನು ಸೈಕಲ್ ಸಮೇತ ಎತ್ತಿ ನಿಲ್ಲಿಸಿದರು. ಹಿರಿಯವನು ನನ್ನ ಪಾದ ನೋಡಿದ.

"ಯಕ್ಕಾ, ಕಾಲ್ ಯಾಕ ಸೈಕಲ್ಲಿಗಿ ಕಟ್ಕೊಂಡೀರಿ?"

"ಬೇಗ ಹೋಗುವುದಕ್ಕೆ."

"ಎಲ್ಲಿಗಿ ಹೊಂಟೀರಿ ಇಷ್ಟ್ ಅವಸರ್ದಾಗ?"

"ಎಲ್ಲಿಗೂ ಇಲ್ಲ. ಗುಡ್ಡ ಹತ್ತಿ, ಇಳಿದು, ಮತ್ತೆ ಇಲ್ಲಿಗೇ."

"ಗುಡ್ಡದ ಮ್ಯಾಲ ಯಾರರ ಅದಾರೇನ್ರೀ?"

"ಯಾರೂ ಇಲ್ಲ. ಇವತ್ತು ನಾಲ್ಕು ಸಲ ಹತ್ತಬೇಕು."

ಅವನು ಜೊತೆಯವನ ಕಡೆ ತಿರುಗಿ ದನಿ ತಗ್ಗಿಸಿದ. "ಮನ್ಯಾಗ ಏನೋ ಆಗೇದ ಪಾಪ. ಮೊದ್ಲ ಒಂದ್ ಕಪ್ ಚಾ ಕುಡಸು, ಆಮ್ಯಾಲ ಮನೀಗಿ ಬಿಟ್ ಬರಮು."

೪. ನಮ್ಮವರ ಸೇವೆ

ನಮ್ಮ ಯಜಮಾನರದು ಸಣ್ಣ ಉಡುಪಿ ಹೋಟೆಲು. ಸೈಕಲ್ ಸವಾರರು ದಾರಿಯಲ್ಲಿ ಸಣ್ಣ ಪೊಟ್ಟಣ ಹರಿದು ಹೀರುವ ಸಿಹಿ ಅಂಟನ್ನು ಒಮ್ಮೆ ನಾಲಿಗೆಗೆ ಹಚ್ಚಿ ನೋಡಿದವರೇ, "ಇದನ್ನು ತಿಂದು ಘಟ್ಟ ಹತ್ತಿದರೆ ಜನ ನನಗೆ ಉಗಿಯುತ್ತಾರೆ ಮಾರಾಯ್ತಿ" ಎಂದರು. ನನ್ನ ಆಹಾರದ ಹೊಣೆ ಅಂದಿನಿಂದ ಅವರದಾಯಿತು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವರು ಹೋಟೆಲಿಗೆ ರಜೆ ಹಾಕಿದ್ದು ನನ್ನ ತರಬೇತಿಯ ಭಾನುವಾರಗಳಲ್ಲಿ ಮಾತ್ರ. ಅದನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಖಾರ್ಘರ್ ಬೆಟ್ಟವನ್ನು ಐದು ಸಲ ಹತ್ತುವ ದಿನ ಅವರು ಸ್ಕೂಟರಿನಲ್ಲಿ ಇಡ್ಲಿ, ಬಾಳೆಹಣ್ಣಿನ ಹಲ್ವ, ಬನ್ಸ್, ಫ್ಲಾಸ್ಕಿನಲ್ಲಿ ಕಷಾಯ ಹೊತ್ತು ಮೇಲೆ ಕಾದು ನಿಂತರು. ಮೊದಲ ಸಲ ಇಡ್ಲಿ ಸಿಕ್ಕಿತು. ಎರಡನೆಯ ಸಲ ಅವರ ಸುತ್ತ ಮೂವರು ಸೈಕಲ್ ಹುಡುಗಿಯರು ನಿಂತಿದ್ದರು. ಮೂರನೆಯ ಸಲ ಬೆಳಗಿನ ನಡಿಗೆಯ ಒಂದು ಸಂಘವೇ ಇತ್ತು. ನಾಲ್ಕನೆಯ ಸಲ ಅವರು ಹೆಗಲಿಗೆ ಟವೆಲು ಹಾಕಿಕೊಂಡಿದ್ದರು. ಐದನೆಯ ಸಲ ನಾನು ಕಣ್ಣಿಗೆ ಕತ್ತಲೆ ಬಂದು ತುದಿ ಮುಟ್ಟಿದಾಗ ಡಬ್ಬಿಯಲ್ಲಿ ಚಟ್ನಿ ಮಾತ್ರ ಉಳಿದಿತ್ತು.

"ನನಗೆ?" ಎಂದೆ.

"ನೀನು ತಡ ಮಾಡಿದ್ದು" ಎಂದರು. "ಬಂದ ಗಿರಾಕಿಯನ್ನು ಕಾಯಿಸಿ ನನಗೆ ಅಭ್ಯಾಸ ಇಲ್ಲ."

೫. ಘಟ್ಟ

ಸ್ಪರ್ಧೆ ನಡೆದದ್ದು ಕಲ್ಯಾಣದಿಂದಾಚೆ, ಘಟ್ಟದ ಬುಡದ ಒಂದು ಜಲಾಶಯದ ಬಳಿ. ಸೈಕಲ್ಲಿನ ಅರ್ಧ ದಾರಿಯಲ್ಲಿ ಘಟ್ಟ. ಅದರ ತುದಿಯ ಗೇಟನ್ನು ಹನ್ನೊಂದೂವರೆಯೊಳಗೆ ದಾಟದವರ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಎಲ್ಲರಿಗಿಂತ ಹಿಂದಿರುವವರ ಜೊತೆ ಒಂದು ಆಂಬ್ಯುಲೆನ್ಸ್ ಇರುತ್ತದೆ. ಹೊತ್ತು ಮೀರಿದವರನ್ನು ಹತ್ತಿಸಿಕೊಂಡು ಬರುವುದು ಅದರ ಕೆಲಸ. ಆ ಆಂಬ್ಯುಲೆನ್ಸನ್ನು ಕಳಿಸಿದ್ದು ನಮ್ಮದೇ ಆಸ್ಪತ್ರೆ. ಅದರಲ್ಲಿ ಯಾವ ನರ್ಸ್ ಹೋಗಬೇಕೆಂದು ಡ್ಯೂಟಿ ಹಾಕಿದವಳು ನಾನೇ. ಕಾಮೋಠೆಯಿಂದ ಬರುವ ಒಬ್ಬಳನ್ನು ಆರಿಸಿದ್ದೆ. ನಾಲ್ಕು ವರ್ಷದಲ್ಲಿ ಒಂದು ದಿನ ತಡವಾಗಿಲ್ಲ, ಒಂದು ಗುಂಡಿ ಬಿಚ್ಚಿಲ್ಲ.

ಘಟ್ಟದ ಮೊದಲ ತಿರುವಿನಲ್ಲೇ ಎಲ್ಲರೂ ನನ್ನನ್ನು ದಾಟಿ ಹೋದರು. ಎರಡನೆಯ ತಿರುವಿನಲ್ಲಿ ತೊಡೆ ನಡುಗತೊಡಗಿತು. ಗಡಿಯಾರ ನೋಡಿದೆ. ಈ ನಡೆಯಲ್ಲಿ ಹೋದರೆ ಇಪ್ಪತ್ತು ನಿಮಿಷ ತಡ. ಹನ್ನೆರಡು ನರ್ಸುಗಳ ಮುಖ ಕಣ್ಣೆದುರು ಬಂತು. ಇಳಿದುಬಿಡೋಣ ಎಂದು ಹಿಮ್ಮಡಿ ತಿರುಗಿಸುವಷ್ಟರಲ್ಲಿ ಆಂಬ್ಯುಲೆನ್ಸ್ ನನ್ನನ್ನು ದಾಟಿ ಮೂವತ್ತು ಅಡಿ ಮುಂದೆ ಹೋಯಿತು. ಹಿಂದಿನ ಬಾಗಿಲು ತೆರೆದಿತ್ತು.

ನನ್ನ ಆ ನರ್ಸ್ ಒಳಗೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಸಮವಸ್ತ್ರದಲ್ಲಿ.

"ಸಿಸ್ಟರ್, ಕೂದಲು" ಎಂದು ಕೂಗಿದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಹತ್ತಿರ ಹೋಗಿ ಹೇಳೋಣವೆಂದು ಜೋರಾಗಿ ತುಳಿದೆ. ಇನ್ನೇನು ಮುಟ್ಟಬೇಕು, ಗಾಡಿ ಮುಂದೆ ಹೋಯಿತು. ಮುಂದಿನ ತಿರುವಿನಲ್ಲಿ ಅವಳು ಬೂಟು ಬಿಚ್ಚಿ ಎರಡೂ ಕಾಲನ್ನು ಸ್ಟ್ರೆಚರ್ ಮೇಲಿಟ್ಟಿದ್ದಳು. ಹಾಸಿದ ಬಿಳಿ ಹಾಸಿಗೆಯ ಮೇಲೆ. ನನಗೆ ತೊಡೆಯ ನೋವು ಮರೆತುಹೋಯಿತು. ಅದರಾಚೆಯ ತಿರುವಿನಲ್ಲಿ ಡ್ರೆಸ್ಸಿಂಗ್ ಟ್ರೇಯಲ್ಲಿ ವಡಾಪಾವ್ ಇಟ್ಟುಕೊಂಡು ತಿನ್ನುತ್ತಿದ್ದಳು. ಆಮೇಲೆ ಕಿವಿಗೆ ಫೋನು. ಆಮೇಲೆ ಕೈತುಂಬ ಬಳೆ. ಅದರ ನಂತರ ಸಲಾಯಿನ್ ಸ್ಟ್ಯಾಂಡಿಗೆ ಡ್ರೈವರನ ಒದ್ದೆ ಬನಿಯನ್ ಒಣಹಾಕಿದಳು. ಅದನ್ನು ಕಂಡ ಮೇಲೆ ನಾನು ಸೀಟಿನಿಂದ ಎದ್ದು ನಿಂತು ತುಳಿದೆ. ಒಂಬತ್ತು ತಿಂಗಳ ತರಬೇತಿಯಲ್ಲಿ ಹಾಗೆ ತುಳಿಯಲು ನನಗೆ ಒಂದು ದಿನವೂ ಆಗಿರಲಿಲ್ಲ.

ಕೊನೆಯ ತಿರುವಿನಲ್ಲಿ ಅವಳು ಸ್ಟ್ರೆಚರ್ ಮೇಲೆ ಉದ್ದಕ್ಕೆ ಮಲಗಿ, ಸ್ಟೆಥಸ್ಕೋಪಿನ ತುದಿಯನ್ನು ಮೈಕಿನಂತೆ ಬಾಯಿಗೆ ಹಿಡಿದು ಹಾಡುತ್ತಿದ್ದಳು. ಅಂತೂ ಗಾಡಿ ನಿಂತಿತು. ನಾನು ಅದರ ಬಾಗಿಲು ಹಿಡಿದು, "ಸಿಸ್ಟರ್, ಇದು ಆಸ್ಪತ್ರೆಯ ವಾಹನ" ಎಂದೆ.

ಅವಳು ಎದ್ದು ಕೂತು, ಕೂದಲು ಕಟ್ಟಿಕೊಂಡು, ಕೈಗಡಿಯಾರ ನೋಡಿ ವಿನಯದಿಂದ ಹೇಳಿದಳು. "ಗುಡ್ ಮಾರ್ನಿಂಗ್ ಮೇಡಂ. ಹನ್ನೊಂದೂ ಇಪ್ಪತ್ತೇಳು. ಗೇಟು ನಿಮ್ಮ ಹಿಂದೆ ಇದೆ."

ಉಳಿದದ್ದನ್ನೂ ಮುಗಿಸಿದೆ. ಗಡುವಿಗೆ ಆರು ನಿಮಿಷ ಇರುವಾಗ, ಕೊನೆಯಿಂದ ಎರಡನೆಯವಳಾಗಿ. ಕೊನೆಯ ಗೆರೆಯ ಹತ್ತಿರ ಅವಳು ಚಾದರ ಹೊದಿಸಿ ನೀರು ಕುಡಿಸಿದಳು. ಇಬ್ಬರೂ ಸ್ವಲ್ಪ ಅತ್ತೆವು. ಆದರೆ ಶಿಸ್ತು ಬೇರೆ, ಅಳು ಬೇರೆ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವಳ ಕೈಗೆ ಮೆಮೊ ಕೊಟ್ಟೆ. ಕೂದಲಿನಿಂದ ಹಿಡಿದು ಹಾಡಿನವರೆಗೆ ಏಳು ಆರೋಪಗಳನ್ನು ಕ್ರಮವಾಗಿ ಬರೆದು, ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತ ಉತ್ತರ ಕೇಳಿದ್ದೆ.

ಉತ್ತರ ಹತ್ತು ನಿಮಿಷದಲ್ಲಿ ಬಂತು. ಒಳ್ಳೆಯ ಕೈಬರಹ, ಅಂಚು ಬಿಟ್ಟು ಬರೆದಿದ್ದಳು.

"ಮಾನ್ಯ ಮೇಟ್ರನ್ ಅವರಿಗೆ. ತಪ್ಪುಗಳು ಏಳಲ್ಲ ಮೇಡಂ, ಒಂಬತ್ತು. ಎರಡನ್ನು ಮಾಡುವಾಗ ನೀವು ಕಾಣುವಷ್ಟು ಹತ್ತಿರ ಬಂದಿರಲಿಲ್ಲ."