ಭಾವ ನೋಡಿ ಒಪ್ಪಿದ ವಿಮಾನ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಿಮಾನಗಳ ಬಗ್ಗೆ ನನಗಿಂತ ತಿಳಿದವರು ಇನ್ನೊಬ್ಬರಿಲ್ಲ ಎಂಬುದು ಬಹಳ ವರ್ಷಗಳಿಂದ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ನಾನೂ ಒಪ್ಪಿಕೊಂಡಿದ್ದೆ. ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಸೇವೆ ಸಲ್ಲಿಸಿ ಪಿಂಚಣಿ ಪಡೆದು ಬಂದವನು ನಾನು. ಮೇಲೆ ಸದ್ದಾದರೆ ಸಾಕು, ಅಕ್ಕಪಕ್ಕದವರು, "ಷಡಕ್ಷರಪ್ಪನೋರೇ, ಇದು ಯಾವ್ದು?" ಎಂದು ಕೇಳುತ್ತಿದ್ದರು. ನಾನು ಹಣೆಗೆ ಕೈ ಅಡ್ಡ ಹಿಡಿದು, ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, "ಎರಡು ಇಂಜಿನ್ನಿನದು" ಎನ್ನುತ್ತಿದ್ದೆ. ನಮ್ಮ ಊರಿಗೆ ಬರುವುದೆಲ್ಲ ಎರಡು ಇಂಜಿನ್ನಿನದೇ. ಒಮ್ಮೆಯೂ ತಪ್ಪಾಗಲಿಲ್ಲ!

ಒಂದು ಸಣ್ಣ ವಿವರವನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ವಾಯುಸೇನೆಯಲ್ಲಿ ನಾನಿದ್ದದ್ದು ಬಟ್ಟೆ ಸ್ಟೋರಿನಲ್ಲಿ. ಬೂಟು, ಕಾಲುಚೀಲ, ಕಂಬಳಿ, ಬೆಲ್ಟು. ಇಪ್ಪತ್ತು ವರ್ಷಗಳಲ್ಲಿ ನಾನು ವಿಮಾನ ಹತ್ತಿದ್ದು ಮೂರು ಸಲ, ಮೂರು ಸಲವೂ ಕಣ್ಣು ಮುಚ್ಚಿಕೊಂಡು. ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ಗಿರಿಜೆಗೆ ಮಾತ್ರ. ಅವಳು ಒಳ್ಳೆಯವಳು. ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಲೋಕೇಶ ಮನೆಗೆ ಬಂದ. ಗಿರಿಜೆಯ ಚಿಕ್ಕಪ್ಪನ ಮಗ. ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಸಣ್ಣದೊಂದು ಫೌಂಡ್ರಿ ಇಟ್ಟುಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಅವನ ಹೆಂಡತಿ ಶಾರದೆಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಬಾಡಿಗೆಯ ಆಂಬುಲೆನ್ಸ್ ವಿಮಾನಕ್ಕೆ ಫೋನ್ ಮಾಡಿದ. ಅಂದು ಯಾವುದೂ ಬಿಡುವಿಲ್ಲ ಎಂದರು. ರಸ್ತೆಯಲ್ಲಿ ಹೊರಟರು. ಅವಳು ಬೆಂಗಳೂರು ಮುಟ್ಟಲಿಲ್ಲ. ಅಂದಿನಿಂದ ಲೋಕೇಶ ಮಾತು ಕಡಿಮೆ ಮಾಡಿದ್ದ, ನಗುವುದನ್ನು ಪೂರ್ತಿ ಬಿಟ್ಟಿದ್ದ.

ಅವತ್ತು ಮಾತ್ರ ಬಂದವನೇ ಮೊಬೈಲು ನನ್ನ ಕೈಗಿಟ್ಟ. ಪರದೆಯ ಮೇಲೆ ಬಿಳಿಯ ಪುಟ್ಟ ಜೆಟ್ ವಿಮಾನ. ಆರು ಸೀಟು. ವಯಸ್ಸು ಮೂವತ್ತೆರಡು.

"ಮುಚ್ಚಿಹೋದ ಯಾವುದೋ ಕಂಪನಿದು ಭಾವ. ಮಾಲೀಕರು ಓಡಾಡ್ತಿದ್ದಿದ್ದು. ಕಾಲುವೆ ಪಕ್ಕದ ಗದ್ದೆ ಮಾರಿದ್ರೆ ಇದು ಬರತ್ತೆ. ಒಳಗೆ ಸ್ಟ್ರೆಚರ್ ಹಾಕ್ಸಿ ನಮ್ಮೂರಲ್ಲೇ ಇಟ್ಕೊಳ್ಳೋಣ ಅಂತ. ಇನ್ಯಾರಿಗೂ ಹಂಗಾಗೋದು ಬೇಡ."

"ಒಳ್ಳೇ ಯೋಚನೆ ಮಾರಾಯ," ಎಂದೆ.

"ಬೆಂಗಳೂರಿಂದ ಯಾರೋ ಇಂಜಿನಿಯರ್ ಕರ್ಸಿ ನೋಡ್ಸಿ ಅಂದ್ರು. ನಮ್ಮ ಮನೇಲೇ ಏರ್‌ಫೋರ್ಸ್‌ನೋರು ಇರ್ಬೇಕಾದ್ರೆ ಹೊರಗಿನೋರು ಯಾಕೆ? ನೀವು ನೋಡಿ ಹೂಂ ಅಂದ್ರೆ ತಗೊಳ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಗಿರಿಜೆ ಕಾಫಿ ಲೋಟ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಆದರೆ ಲೋಕೇಶನ ಮುಖದಲ್ಲಿ ಎರಡು ವರ್ಷಗಳ ನಂತರ ಸ್ವಲ್ಪ ಬೆಳಕು ಕಂಡಿತ್ತು. ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ. ಹೀಗೆ ಬರೆದುಕೊಳ್ಳುವುದು ನನಗೇ ಹಿತವಾಗಿದೆ. ಸತ್ಯವೇನೆಂದರೆ, "ಏರ್‌ಫೋರ್ಸ್‌ನೋರು" ಎಂಬ ಮಾತು ನನಗೆ ಹಿತವಾಗಿತ್ತು.

"ನೋಡೋಣ," ಎಂದೆ.

ಅವನು ಹೋದ ಮೇಲೆ ಗಿರಿಜೆ ಕೇಳಿದಳು: "ರೀ, ನೀವು ಅಲ್ಲಿಗೆ ಹೋಗಿ ಏನು ನೋಡ್ತೀರಿ?"

"ವಿಮಾನ."

"ಅದು ಅವನಿಗೂ ಕಾಣ್ಸತ್ತಲ್ಲ!"

ನಾನೂ ಲೋಕೇಶನೂ ರೈಲು ಹತ್ತಿ ವಿಮಾನವಿದ್ದ ಹೊರ ರಾಜ್ಯದ ಊರಿಗೆ ಹೋದೆವು. ಟಾರ್ಚು, ಅಳತೆ ಟೇಪು, ಒಂದು ನೋಟ್‌ಬುಕ್ಕು ಒಯ್ದಿದ್ದೆ. ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿನಲ್ಲಿ ದಲ್ಲಾಳಿ ಕಾದಿದ್ದ. ವಾಯುಸೇನೆ ಎಂದು ಕೇಳಿದ್ದೇ ತಡ, ಸೆಲ್ಯೂಟ್ ಹೊಡೆದ. ನಾನೂ ಹೊಡೆದೆ. ಆಮೇಲೆ ಅವನು ಒಂದೇ ಉಸಿರಿನಲ್ಲಿ ಏನೇನೋ ಹೇಳುತ್ತ ಹೋದ. ನಡುವೆ, "ಆರು ಸಾವಿರ ಸೈಕಲ್ ಆಗಿದೆ ಸರ್," ಎಂದ. ನಾನು 'ಸೈಕಲ್ — 6000' ಎಂದು ಬರೆದುಕೊಂಡೆ. ಒಂದು ಮುಚ್ಚಿಹೋದ ಕಂಪನಿಗೆ ಅಷ್ಟು ಸೈಕಲ್ ಯಾಕೆ ಬೇಕಿತ್ತು ಎಂದು ಕೇಳುವುದು ಸಭ್ಯತೆಯಾಗಿ ತೋರಲಿಲ್ಲ.

ಮೊದಲು ಚಕ್ರವನ್ನು ಒದ್ದೆ. ಗಟ್ಟಿಯಾಗಿತ್ತು. ರೆಕ್ಕೆಯನ್ನು ತಟ್ಟಿದೆ. ಸದ್ದು ಬಂತು. ಹೊಸ ಬಣ್ಣ ಬಳಿದಿದ್ದರು, ಕೈಗೆ ನುಣ್ಣಗೆ ತಾಕಿತು. ಒಳಗೆ ಹೋದ ಮೇಲೆ ನನಗೆ ಜೀವ ಬಂತು. ಸೀಟುಗಳು! ಚರ್ಮದ ಹೊದಿಕೆ, ಜೋಡಿ ಹೊಲಿಗೆ, ಎಲ್ಲೂ ದಾರ ಬಿಟ್ಟಿಲ್ಲ. ಹೊಲಿಗೆಯ ವಿಷಯವಾಗಿ ನಾನು ಹತ್ತು ನಿಮಿಷ ಅಧಿಕಾರವಾಣಿಯಿಂದ ಮಾತಾಡಿದೆ. ಲೋಕೇಶ ಕೈಕಟ್ಟಿ ಕೇಳಿದ. ದಲ್ಲಾಳಿಯೂ ಕೇಳಿದ.

"ಇಂಜಿನ್ನು ಭಾವ?" ಎಂದ ಲೋಕೇಶ.

ಇಳಿದು ಹೋಗಿ ಎಡಗಡೆಯ ಇಂಜಿನ್ನಿನ ಬಾಯಿಗೆ ತಲೆ ಹಾಕಿ ಟಾರ್ಚು ಬಿಟ್ಟೆ. ಮುಂದೆ ಫ್ಯಾನು ಇತ್ತು. ಬೆರಳಿನಿಂದ ತಳ್ಳಿದೆ.

"ತಿರುಗ್ತಾ ಇದೆ," ಎಂದು ಘೋಷಿಸಿದೆ.

ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಅದರಲ್ಲಿ ವಿಮಾನ ಹುಟ್ಟಿದಂದಿನಿಂದ ಏನೇನು ರಿಪೇರಿಯಾಯಿತು, ಯಾವ ಭಾಗ ಯಾವಾಗ ಬದಲಾಯಿತು ಎಂದು ಬರೆದಿಟ್ಟ ಪುಸ್ತಕಗಳು. "ಎಡ ಇಂಜಿನ್ನಿನ ಹಳೇ ಪುಸ್ತಕಗಳು ಬೇರೆ ಆಫೀಸಿನಲ್ಲಿವೆ ಸರ್, ಹುಡುಕಿ ಕಳಿಸ್ತೀವಿ," ಎಂದ ದಲ್ಲಾಳಿ. ಲೋಕೇಶ ನನ್ನ ಕಡೆ ನೋಡಿದ. ಈ ಒಂದು ವಿಷಯದಲ್ಲಿ ನನಗೆ ನಿಜವಾದ ಅನುಭವವಿತ್ತು. ನಮ್ಮ ಸ್ಟೋರಿನಲ್ಲಿ ಕಂಬಳಿ ಲೆಕ್ಕದ ಹಳೆಯ ಪುಸ್ತಕಗಳನ್ನು ನಾನೇ ಎಷ್ಟೋ ಸಲ ಸುಟ್ಟಿದ್ದೆ.

"ಹಳೇ ಪುಸ್ತಕಕ್ಕೆಲ್ಲ ತಲೆ ಕೆಡಿಸ್ಕೋಬೇಡ," ಎಂದೆ. "ಗೆದ್ದಲು ತಿನ್ನತ್ತೆ ಅಷ್ಟೆ."

ದಲ್ಲಾಳಿ ನನ್ನನ್ನು ಅಪ್ಪಿಕೊಳ್ಳುವುದೊಂದು ಬಾಕಿ!

ಲೋಕೇಶ ಗದ್ದೆ ಮಾರಿ ವಿಮಾನ ಕೊಂಡ. ಒಂದೇ ಒಂದು ಸಲ ಹಾರಿಸಿ ತಲುಪಿಸಲು ಅನುಮತಿ ಪಡೆದು, ಪೈಲಟ್‌ಗಳಿಬ್ಬರು ಅದನ್ನು ಶಿವಮೊಗ್ಗಕ್ಕೆ ತಂದಿಳಿಸಿದರು. ನಾವು ನಾಲ್ಕು ಜನ ಪಾಸು ಮಾಡಿಸಿಕೊಂಡು ನಿಲ್ದಾಣದ ಒಳಗೆ ಹೋದೆವು: ನಾನು, ಗಿರಿಜೆ, ಲೋಕೇಶ ಮತ್ತು ಅವನ ಫೌಂಡ್ರಿಯ ಮೇಸ್ತ್ರಿ ಆರುಮುಗಂ. ಗಿರಿಜೆ ಆರತಿ ತಟ್ಟೆ ತಂದಿದ್ದಳು. ವಿಮಾನದ ಹತ್ತಿರ ಬೆಂಕಿ ಕೂಡದು ಎಂದು ಕಾವಲಿನವರು ಬತ್ತಿ ತೆಗೆಸಿದರು. ಹಾರಿ ಹೋಗುವಂಥದ್ದು ಬೇಡ ಎಂದು ಹೂವು ತೆಗೆಸಿದರು. ಬರೀ ತಟ್ಟೆಯನ್ನು ಮೂರು ಸುತ್ತು ಸುತ್ತಿದಳು.

ಲೋಕೇಶ ಹೊಸ ಸ್ಟ್ರೆಚರ್ ತಂದಿದ್ದ. ಬಾಗಿಲ ಅಗಲ, ಒಳಗಿನ ಉದ್ದ ಎರಡನ್ನೂ ನಾನೇ ಟೇಪು ಹಿಡಿದು ಅಳೆದು ಕೊಟ್ಟಿದ್ದೆ. "ಒಂದ್ಸಲ ಹಾಕಿ ನೋಡೋಣ ಭಾವ," ಎಂದ. ಹುಮ್ಮಸ್ಸಿನಲ್ಲಿ ರೋಗಿಯ ಪಾತ್ರಕ್ಕೆ ನಾನೇ ಮಲಗಿದೆ. ಬೆಲ್ಟು ಬಿಗಿದರು. ಎತ್ತಿದರು. ತಲೆ ಬಾಗಿಲೊಳಗೆ ಹೋಯಿತು, ಎದೆ ಹೋಯಿತು, ಅಲ್ಲಿಗೆ ನಿಂತಿತು. ಒಳಗೆ ಎಷ್ಟು ಉದ್ದವಿದ್ದರೇನು, ಬಾಗಿಲ ಎದುರಿಗೆ ಐದಡಿ ದೂರದಲ್ಲಿ ಇನ್ನೊಂದು ಗೋಡೆ ಇದೆ! ಸ್ಟ್ರೆಚರ್ ಆರೂವರೆ ಅಡಿ. ತಿರುಗಬೇಕು. ತಿರುಗಲಿಲ್ಲ. ಎಡಕ್ಕೆ ವಾಲಿಸಿದರು. ಬಲಕ್ಕೆ ವಾಲಿಸಿದರು. ನಾನು ಅರ್ಧ ನೇತಾಡುತ್ತಿದ್ದೆ.

"ರೀ, ಉಸಿರಾಡ್ತಾ ಇದೀರಾ?" ಎಂದು ಗಿರಿಜೆ ಹೊರಗಿನಿಂದ ಕೂಗಿದಳು.

ಇಳಿಸಲು ಹತ್ತು ನಿಮಿಷ ಬೇಕಾಯಿತು. ನಾನು ನಗಲು ನೋಡಿದೆ. ಲೋಕೇಶ ಸ್ಟ್ರೆಚರಿನ ಖಾಲಿ ಬೆಲ್ಟುಗಳನ್ನು ಒಂದೊಂದಾಗಿ ಮಡಿಸಿ ಕಟ್ಟುತ್ತಿದ್ದ. ನನ್ನ ನಗು ಅಲ್ಲೇ ನಿಂತಿತು.

ಮುಂದಿನ ವಾರ ಬೆಂಗಳೂರಿನಿಂದ ರಶ್ಮಿ ಎಂಬ ಇಂಜಿನಿಯರ್ ಬಂದರು. ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವ ಅರ್ಹತೆ ಇರುವವರು. ಇನ್ನೂ ಚಿಕ್ಕ ವಯಸ್ಸು. ಎರಡು ದಿನ ಟ್ರಂಕಿನ ಪುಸ್ತಕಗಳನ್ನು ಓದಿದರು, ದಾರದಷ್ಟು ಸಣ್ಣ ಕ್ಯಾಮೆರಾವನ್ನು ಇಂಜಿನ್ನಿನೊಳಗೆ ಇಳಿಸಿ ನೋಡಿದರು. ಎರಡನೇ ದಿನ ಮಧ್ಯಾಹ್ನ ನಮ್ಮನ್ನು ಕರೆದರು.

"ಸ್ಟ್ರೆಚರ್ ದೊಡ್ಡ ಸಮಸ್ಯೆ ಅಲ್ಲ ಸರ್. ಇಂಥ ಬಾಗಿಲಿಗೆ ಅಂತಾನೇ ಬೇರೆ ಥರದ್ದು ಸಿಗತ್ತೆ. ಆದ್ರೆ ಎಡ ಇಂಜಿನ್ನಿಗೆ ಹತ್ತು ವರ್ಷದ ದಾಖಲೆ ಇಲ್ಲ. ಒಳಗಿನ ಭಾಗಗಳಿಗೆ ಇಷ್ಟು ಸೈಕಲ್ ಅಂತ ಆಯಸ್ಸು ಇರತ್ತೆ. ಒಂದು ಸಲ ಹಾರಿ ಇಳಿದ್ರೆ ಒಂದು ಸೈಕಲ್."

ನಾನು ನೋಟ್‌ಬುಕ್ಕನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

"ಪುಸ್ತಕ ಇಲ್ದಿದ್ರೆ ಎಷ್ಟು ಆಯಸ್ಸು ಉಳಿದಿದೆ ಅಂತ ಯಾರೂ ಹೇಳೋಕಾಗಲ್ಲ. ಮುಗಿದಿದೆ ಅಂತಾನೇ ಲೆಕ್ಕ. ಒಳಗೆ ತುಕ್ಕೂ ಇದೆ. ಬೇರೆ ಇಂಜಿನ್ ಹಾಕ್ಸೋಕೆ ಈ ವಿಮಾನದಂಥದ್ದೇ ಇನ್ನೊಂದು ತಗೊಳ್ಳೋಷ್ಟು ಆಗತ್ತೆ. ನಾನು ಸಹಿ ಹಾಕೋಕಾಗಲ್ಲ."

ಲೋಕೇಶ ದಲ್ಲಾಳಿಗೆ ಫೋನ್ ಮಾಡಿದ. ಆ ನಂಬರು ಚಾಲ್ತಿಯಲ್ಲಿರಲಿಲ್ಲ.

"ತಗೊಳ್ಳೋ ಮುಂಚೆ ಯಾರಿಗೂ ತೋರಿಸ್ಲಿಲ್ವಾ?" ಎಂದು ರಶ್ಮಿ ಕೇಳಿದರು.

"ತೋರ್ಸಿದ್ವಿ. ನಮ್ಮ ಭಾವನೇ ನೋಡಿದ್ರು. ಏರ್‌ಫೋರ್ಸು," ಎಂದ ಲೋಕೇಶ. ಆಗಲೂ ಅವನ ದನಿಯಲ್ಲಿ ಹೆಮ್ಮೆ ಇತ್ತು. ಅದೇ ನನ್ನನ್ನು ಕೊಂದಿತು.

ಅವರು ಗೌರವದಿಂದ ನನ್ನ ಕಡೆ ತಿರುಗಿದರು. "ಯಾವ ವಿಭಾಗ ಸರ್? ಇಂಜಿನ್ನಾ?"

ಇಪ್ಪತ್ತು ವರ್ಷದ ಸೇವೆ, ಅದರ ಮೇಲೆ ಹದಿನೈದು ವರ್ಷದ ಮರ್ಯಾದೆ.

"ಬಟ್ಟೆ," ಎಂದೆ.

"ಸರ್?"

"ಬಟ್ಟೆ ಸ್ಟೋರು. ಕಾಲುಚೀಲ, ಕಂಬಳಿ."

ರಶ್ಮಿ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಅವರು ಏನನ್ನೂ ಹುಡುಕುತ್ತಿರಲಿಲ್ಲ. ಲೋಕೇಶ ನನ್ನ ಕಡೆ ತಿರುಗಿದ.

"ಮತ್ತೆ ಅವತ್ತು ಟಾರ್ಚ್ ಹಾಕಿ ಇಂಜಿನ್ ಒಳಗೆ ಏನು ನೋಡಿದ್ರಿ ಭಾವ?"

"ಕತ್ತಲೆ ಇತ್ತು," ಎಂದೆ.

ಅವನು ಬೈದಿದ್ದರೆ, ಕಪಾಳಕ್ಕೆ ಒಂದು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ಮೆಟ್ಟಿಲು ಹತ್ತಿ ವಿಮಾನದೊಳಗೆ ಹೋಗಿ ಕುಳಿತ. ನಾನು ಬಾಗಿಲಲ್ಲಿ ನಿಂತೆ. ಒಳಗೆ ಬಿಸಿಲಿಗೆ ಕಾದ ಚರ್ಮದ ವಾಸನೆ.

"ಲೋಕೇಶಾ, ನನ್ನ ಮೇಲೆ ಕೇಸು ಹಾಕು. ಇಲ್ಲ ಅಂದ್ರೆ ಬೈ ಮಾರಾಯ."

"ಬನ್ನಿ, ಕೂತ್ಕೊಳ್ಳಿ," ಎಂದ. ಎದುರಿನ ಸೀಟಿನಲ್ಲಿ ಕುಳಿತೆ. ಕಿಟಕಿಯ ಹೊರಗೆ ನೋಡುತ್ತ ಅವನು ಹೇಳಿದ: "ಅವತ್ತು ಆಂಬುಲೆನ್ಸಲ್ಲಿ ಶಾರದಾ ಒಂದೇ ಸಲ ಕಣ್ಣು ಬಿಟ್ಲು. ಯಾವೂರು ಬಂತು ಅಂದ್ಲು. ತುಮಕೂರು ದಾಟಿದ್ವಿ, ಇನ್ನೇನು ಬಂತು ಅಂದೆ. ಇನ್ನೂ ಕಡೂರೇ ಬಂದಿರ್ಲಿಲ್ಲ ಭಾವ."

ಇಬ್ಬರೂ ಎಷ್ಟೋ ಹೊತ್ತು ಹಾಗೇ ಕುಳಿತಿದ್ದೆವು, ಎಲ್ಲಿಗೂ ಹೋಗದ ವಿಮಾನದಲ್ಲಿ.

ದುರ್ಗಿಗುಡಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಈಗ ಮೇಲೆ ಸದ್ದಾದರೆ ನೆರೆಹೊರೆಯವರು ನನ್ನ ಕಡೆ ನೋಡದೆ ಸುಮ್ಮನಿರುತ್ತಾರೆ. ಕೇಳಿದ್ದರೆ ಅವಮಾನವಾಗುತ್ತಿತ್ತು. ಕೇಳದಿರುವುದು ಅದಕ್ಕಿಂತ ಹೆಚ್ಚಿನ ಅವಮಾನ ಎಂದು ಗೊತ್ತಾಯಿತು.

ರಶ್ಮಿಯವರೇ ಓಡಾಡಿ ದಾಖಲೆ ಸರಿಯಿದ್ದ ಬಲಗಡೆಯ ಇಂಜಿನ್ನಿಗೆ ಗಿರಾಕಿ ಹುಡುಕಿಕೊಟ್ಟರು. ಅದರಿಂದ ಬಂದದ್ದರಲ್ಲಿ ಲೋಕೇಶ ಎಲ್ಲ ಸಲಕರಣೆ ಇರುವ ಒಂದು ಆಂಬುಲೆನ್ಸ್ ಕೊಂಡು ಭದ್ರಾವತಿಯಲ್ಲಿ ಓಡಿಸುತ್ತಿದ್ದಾನೆ. ಅದು ರಸ್ತೆಯ ಮೇಲೇ ಓಡುತ್ತದೆ. ಕಡೂರು ಈಗಲೂ ಇದ್ದಷ್ಟೇ ದೂರದಲ್ಲಿದೆ.

ಉಳಿದ ಒಡಲನ್ನು ರೆಕ್ಕೆ ಬಿಚ್ಚಿ, ತುಂಡು ಮಾಡಿ ಗುಜರಿಗೆ ಮಾರಲೆಂದು ಉದ್ದನೆಯ ಲಾರಿಯ ಮೇಲೆ ಫೌಂಡ್ರಿಗೆ ಸಾಗಿಸಿದರು. ಮಾಚೇನಹಳ್ಳಿಯ ಹತ್ತಿರ ಜನ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ನಾನು ಕಾರಿನಲ್ಲಿ ಹಿಂದೆ ಹೋಗುತ್ತಿದ್ದೆ, ಹೆಣದ ಹಿಂದೆ ಹೋದಂತೆ. ಅಂಗಳದಲ್ಲಿ ಅದನ್ನು ಇಳಿಸಿದಾಗ ಲೋಕೇಶ ಅದರ ಮೂತಿಯ ಮೇಲೆ ಕೈಯಿಟ್ಟು ನಿಂತಿದ್ದ. ನೋಡಲಾಗಲಿಲ್ಲ. ಏನಾದರೂ ಸಮಾಧಾನ ಹೇಳಲೇಬೇಕೆನಿಸಿತು.

"ಬೇಜಾರು ಮಾಡ್ಕೋಬೇಡ ಲೋಕೇಶಾ," ಎಂದೆ. "ಹೊರಗೆ ಮಾರೋದು ಯಾಕೆ? ನಿನ್ನ ಕುಲುಮೆ ಇದೆಯಲ್ಲ, ಇಲ್ಲೇ ಕರಗಿಸಿ ಅಚ್ಚು ಹೊಯ್ದರಾಯ್ತು!"

ಆರುಮುಗಂ ತಲೆಯ ಟೋಪಿ ತೆಗೆದ. ಮೂವತ್ತು ವರ್ಷ ಲೋಹದ ಜೊತೆ ಬಾಳಿದವನು.

"ಸಾರ್, ನಮ್ದು ಕಬ್ಬಿಣದ ಕುಲುಮೆ. ಇದು ಅಲ್ಯುಮಿನಿಯಂ. ಇದನ್ನ ಅದಕ್ಕೆ ಹಾಕಿದ್ರೆ ಕಬ್ಬಿಣಾನೂ ಕೆಡತ್ತೆ."

ಲೋಕೇಶ ನನ್ನನ್ನು ನೋಡಿದ. ಅವನ ಭುಜ ಅಲ್ಲಾಡಿತು. ನಕ್ಕ. ಶಾರದೆ ಹೋದ ಮೇಲೆ ಮೊದಲ ಸಲ ಅವನು ನಕ್ಕದ್ದನ್ನು ನಾನು ಕೇಳಿದೆ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಮೇಸ್ತ್ರಿ ಮುಖ ಆಚೆ ತಿರುಗಿಸಿದ.

ಸ್ವಲ್ಪ ಹೊತ್ತಿನ ಮೇಲೆ ಲೋಹ ಕತ್ತರಿಸುವವರು ಬಂದರು. ನಾನು ಸಹಾಯ ಮಾಡಲೇ ಎಂದು ಮುಂದೆ ಹೋದೆ. ಆರುಮುಗಂ ಬಹಳ ವಿನಯದಿಂದ ನನ್ನ ತೋಳು ಹಿಡಿದು ಗೇಟಿನ ಬಳಿ ಕರೆದೊಯ್ದ.

"ನೀವು ಇಲ್ಲೇ ನಿಂತ್ಕೊಳ್ಳಿ ಸಾರ್. ಇಲ್ಲಿ ಏನೂ ಕೆಲ್ಸ ಇಲ್ಲ."

ನಿಂತೆ. ನನ್ನ ಅರ್ಹತೆಗೆ ಸರಿಯಾದ ಜಾಗವನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ನೋಡಿ ಕೊಟ್ಟಿದ್ದರು!